ಎಮ್ಮೆಗೆ ಬರೆದದ್ದೇನು?

ಡಾಕ್ಟರ್ ಹಂಸಾಗೆ ವಾರವಿಡೀ ಇಂಗ್ಲೆಂಡಿನ ಲೀಡ್ಸಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯರ ಕ್ಲಿನಿಕ್ಕಿನಲ್ಲಿ ಕೆಮ್ಮು, ಮಂಡಿನೋವು, ಡ್ಯೂಟಿ ಪಟ್ಟಿ. ಭಾನುವಾರವೊಂದೇ ಅವಳ ಸ್ವಂತದ್ದು. ಧಾರವಾಡ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ನಾಲಿಗೆ ಊರು ಬಿಟ್ಟಿರಲಿಲ್ಲ. ಆ ನಾಲಿಗೆಯಿಂದಲೇ ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಅದೇ ಅವಳ ಜೀವ. ತರಗತಿ ನಡೆಯುವ ಹಾಲಿನ ಬಾಡಿಗೆ ಕರಾರು ಮಾತ್ರ ಇಂದುಶೇಖರನ ಹೆಸರಿನಲ್ಲಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರು. ಅರ್ಧ ಮಕ್ಕಳನ್ನು ತನ್ನ ದೊಡ್ಡ ಕಾರಿನಲ್ಲಿ ತುಂಬಿಕೊಂಡು ಬರುವವನೂ ಅವನೇ. ಅವನು ಮುನಿದರೆ ತರಗತಿ ಮುಚ್ಚಿದಂತೆ.

೨೦೦೧ರ ಅಕ್ಟೋಬರ್. ನ್ಯೂಯಾರ್ಕಿನ ಗೋಪುರಗಳು ಉರುಳಿ ತಿಂಗಳಾಗಿತ್ತು. ಆ ದಿನ ಗಾದೆಗಳ ಪಾಠ. ಹಂಸಾ ಬೋರ್ಡಿನ ಮೇಲೆ ಬರೆದಳು: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇಂದುಶೇಖರನ ಮಗಳು ಪ್ರತೀಕ್ಷಾ ಕೈ ಎತ್ತಿದಳು. "ಆಂಟಿ, ಎತ್ತಿಗೆ ಫೀವರ್ ಬಂದ್ರೆ ಎಮ್ಮೆಗೆ ಯಾಕೆ ಬರೀಬೇಕು? ಎಮ್ಮೆ ಜಿಪಿನಾ?"

ತರಗತಿ ಘೊಳ್ಳೆಂದಿತು. ಹಂಸಾಳೂ ನಕ್ಕು ಕಣ್ಣೊರೆಸಿಕೊಂಡಳು. "ಇದು ಪತ್ರ ಬರಿಯೂ ಬರಿ ಅಲ್ಲವ್ವ, ಕಾಸಿದ ಕಬ್ಬಿಣದ ಬರಿ. ಜಡ್ಡು ಒಬ್ಬರಿಗೆ, ಸುಡೂದು ಇನ್ನೊಬ್ಬರನ್ನ."

"ರಿಯಲ್ ಆಗಿ ಮಾಡ್ತಾರಾ?"

"ಮಾಡ್ಯಾರ. ಸ್ಕೂಲ್ ಟ್ರಿಪ್ಪಿನ್ಯಾಗ ಇಲ್ಲೇ ಯಾರ್ಕ್ ಊರಿನ ಕೋಟಿ ಗುಡ್ಡ ಏರೀರಲ್ಲ, ಅಲ್ಲೇ."

ಎಂಟುನೂರು ವರ್ಷದ ಹಿಂದೆ ಜನರ ಸಿಟ್ಟಿಗೆ ಹೆದರಿ ಯಹೂದಿಗಳು ಆ ಕೋಟೆ ಹೊಕ್ಕು, ಹೊರಬರಲಾರದೆ ಸತ್ತದ್ದನ್ನು ಹೇಳಿದಳು. ಇನ್ನೊಂದು ಊರಿನಲ್ಲಿ ಹುಡುಗನೊಬ್ಬ ಸತ್ತರೆ ಯಹೂದಿ ಕೊಂದ ಎಂದರು. ಯುರೋಪಿಗೆ ಪ್ಲೇಗು ಬಂದಾಗ ಬಾವಿಗೆ ವಿಷ ಹಾಕಿದರೆಂದು ಅವರನ್ನೇ ಸುಟ್ಟರು. "ಯೇಸುವನ್ನ ಕೊಂದವರು ಇವರು ಅಂತ ಮೊದಲ ಒಂದು ಹಣೆಪಟ್ಟಿ ಹಚ್ಚಿದ್ರು. ಆಮ್ಯಾಲ ಯಾವ ಜ್ವರಕ್ಕೂ ಅದೇ ಎಮ್ಮಿ."

"ಆದ್ರೆ ಡ್ಯಾಡಿ ಹೇಳಿದ್ರು, ಟವರ್ಸ್ ಬಿದ್ದ ದಿನ ಯಹೂದಿಗಳು ಕೆಲಸಕ್ಕೇ ಹೋಗಿರ್ಲಿಲ್ಲವಂತೆ. ಅವ್ರಿಗೆ ಮೊದ್ಲೇ ಗೊತ್ತಿತ್ತಂತೆ."

ಇಂದುಶೇಖರ ಚಹದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದ. ಹಂಸಾ ಅವನನ್ನು ನೋಡಿದಳು. ಹಾಲ್ ನೆನಪಾಯಿತು, ಕಾರೂ ನೆನಪಾಯಿತು.

"ಸುಳ್ಳು," ಅಂದಳು. "ಅವರೊಳಗೂ ಭಾಳ ಮಂದಿ ಅಲ್ಲೇ ಸತ್ತಾರ. ಇದು ಅದೇ ಬಾವಿ ಕಥಿ, ಹೊಸಾ ಅಂಗಿ ತೊಟ್ಟದ."

"ಮಕ್ಕಳ ಮುಂದೆ ನನ್ನ ಸುಳ್ಳುಗಾರ ಮಾಡ್ತೀರಾ ಮೇಡಂ? ಅದು ಇಮೇಲಲ್ಲಿ ಬಂದಿದ್ದು. ನೀವು ಕನ್ನಡ ಕಲಿಸಿ, ಸಾಕು. ಇಲ್ಲಾಂದ್ರೆ ಮುಂದಿನ ವಾರದಿಂದ ಹಾಲ್ ಇರಲ್ಲ."

"ಅರ್ಥ ಬಿಟ್ಟು ಗಾದಿ ಹ್ಯಾಂಗ ಕಲಿಸ್ಲಿ, ಇಂದುಶೇಖರ ಅವರ? ಹಾಲ್ ನೀವೇ ಇಟ್ಕೊಳ್ರಿ. ಮುಂದಿನ ಐತವಾರ ಕ್ಲಾಸು ನಮ್ಮನಿಯೊಳಗ."

ಮುಂದಿನ ಭಾನುವಾರ ಹಂಸಾ ಸೋಫಾವನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದಳು. ಒಂದೇ ಮಗು ಬಂದರೂ ಪಾಠ ಪಾಠವೇ. ಬಸ್ಸಿನಲ್ಲಿ ಇಬ್ಬರು ಬಂದರು. ಅಕ್ಷರ ತಿದ್ದಿಸುತ್ತಿರುವಾಗ ಹೊರಗೆ ಕಾರು ನಿಂತ ಸದ್ದು. ಪ್ರತೀಕ್ಷಾ ಮುಂದೆ, ಉಳಿದ ಮಕ್ಕಳು ಅವಳ ಹಿಂದೆ ನುಗ್ಗಿದರು. ಕೊನೆಗೆ ಇಂದುಶೇಖರ.

"ಆ ಇಮೇಲ್ ಬರೆದೋರು ಯಾರು ಅಂತ ಮಗಳು ಕೇಳಿದ್ಲು, ಮೇಡಂ. ಗೊತ್ತಿಲ್ಲ ಅಂದೆ. ಗೊತ್ತಿಲ್ದೆ ಯಾಕೆ ಹೇಳಿದ್ರಿ ಅಂದ್ಲು."

"ಮತ್ತ ನೀವೇನಂದ್ರಿ?"

ಅವನು ಶೂ ಬಿಚ್ಚಿ ಒಳಗೆ ಬಂದು, ಮಕ್ಕಳ ಹಿಂದೆ ಜಮಖಾನದ ತುದಿಯಲ್ಲಿ ಕುಳಿತುಕೊಂಡ.