ಬೀಸುವ ಕಲ್ಲಿನ ಫ್ರೆಂಚ್

ನಾನು ಹುಟ್ಟಾ ಅನುಮಾನದವಳು. ಹಾಲು ತೆಳ್ಳಗಿದ್ದರೆ ಎಮ್ಮೆಯನ್ನೂ ಗುಮಾನಿಯಿಂದ ನೋಡುತ್ತಿದ್ದೆ. ಅದನ್ನು ಒಪ್ಪಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯೇನಿಲ್ಲ. ನಾಚಿಕೆ ಇರುವುದು ಬೇರೆ ಕಡೆ.

ಎರಡನೆಯ ಮಹಾಯುದ್ಧದ ಕಾಲ. ಕೆರಗೋಡಿನ ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪ, ಅತ್ತಿಗೆ, ನಾನು. ಅಣ್ಣ ಮಿಲಿಟರಿ ಲಾರಿ ಓಡಿಸಲು ಸೇರಿ ಹಡಗು ಹತ್ತಿದ್ದ; ಐದು ತಿಂಗಳಿಂದ ಕಾಗದವಿರಲಿಲ್ಲ. ನನಗೋ ನರ್ಸಾಗುವ ಹುಚ್ಚು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಫ್ರಾನ್ಸಿನಿಂದ ಬಂದ ಸಿಸ್ಟರುಗಳು ಹುಡುಗಿಯರಿಗೆ ಕೆಲಸ ಕಲಿಸುತ್ತಿದ್ದರು. ನಾಲ್ಕು ಮಾತು ಫ್ರೆಂಚ್ ಬಂದರೆ ಸೇರಿಸಿಕೊಳ್ಳುತ್ತಾರೆಂದು ಸುದ್ದಿ. ಅಪ್ಪ ಹೇಳಿಬಿಟ್ಟಿದ್ದ: "ಸಿಕ್ರೆ ಓಗು. ಸಿಕ್ನಿಲ್ವಾ, ಯುಗಾದಿ ಕಳೀತಿದ್ದಂಗೆ ಮದ್ವೆ."

ಮಂಡ್ಯದ ಪೇಟೆಯಲ್ಲಿ ಲಾರಿ ರಿಪೇರಿ ಮಾಡುವ ಸಾಬರೊಬ್ಬರಿದ್ದರು, ಪಾಂಡಿಚೇರಿಯಲ್ಲಿ ಇಪ್ಪತ್ತು ವರ್ಷ ಫ್ರೆಂಚರ ಮೋಟಾರು ನೋಡಿಕೊಂಡು ಬಂದವರು. ಭಾನುವಾರ ಇದ್ದಿಲ ಗ್ಯಾಸಿನ ಬಸ್ಸು ಹತ್ತಿ, ಮುಖವೆಲ್ಲ ಮಸಿ ಮಾಡಿಕೊಂಡು ಹೋಗಿ ಅವರ ಪಡಸಾಲೆಯಲ್ಲಿ ಕೂರುತ್ತಿದ್ದೆ. ಮೊದಮೊದಲು ಅವರ ಮೇಲೂ ಅನುಮಾನ: ಉರ್ದುವನ್ನೇ ತಿರುಚಿ ಫ್ರೆಂಚ್ ಅಂತ ಹೇಳಿಕೊಡುತ್ತಿಲ್ಲ ತಾನೆ?

"ಫ್ರೆಂಚಲ್ಲಿ ಇನ್ನೇನು ಆಗೋ ಕೆಲ್ಸ ಹೇಳೋದು ಭಾರಿ ಸುಲಭ ಅಮ್ಮ," ಎಂದರು ಒಂದು ದಿನ. "ಹೋಗೋದು ಅನ್ನೋ ಮಾತು ಮುಂದೆ ಇಟ್ಕೋ, ಹಿಂದೆ ಯಾವ ಕೆಲ್ಸ ಬೇಕೋ ಸೇರಿಸು. ರೈಲಿಗೆ ಇಂಜಿನ್ನು ಹೆಂಗೋ ಹಂಗೆ."

ತೊಳೆಯಲು ಹೋಗುತ್ತೇನೆ, ಉಣಿಸಲು ಹೋಗುತ್ತೇನೆ, ಆರೈಕೆ ಮಾಡಲು ಹೋಗುತ್ತೇನೆ. ನಾನು, ನೀನು, ಅವನು, ನಾವು, ನೀವು, ಅವರು ಎಂದು ಒಂದೊಂದಕ್ಕೂ ಆರು ಸಾಲು. ನೋಟ್ ಪುಸ್ತಕದ ತುಂಬ ಬರೆದುಕೊಂಡೆ.

ಬೆಳಕು ಹರಿಯುವ ಹೊತ್ತಿಗೆ ಅತ್ತಿಗೆ ರಾಗಿ ಬೀಸಲು ಕೂತರೆ, ಪಕ್ಕದಲ್ಲಿ ನನ್ನ ಬಾಯಿಪಾಠ. "ಜ ವೆ ಲಾವೆ, ತು ವಾ ಲಾವೆ, ಇಲ್ ವಾ ಲಾವೆ." ಕಲ್ಲಿನದು ಒಂದು ಸುತ್ತು, ನನ್ನದು ಒಂದು ಸಾಲು.

"ಅದೇನ್ ಮಗಾ, ಅಂಗಂದ್ರೆ?" ಎಂದು ಅಜ್ಜಿ ಕೇಳಿದಳು.

"ತೊಳೆಯಕ್ಕೆ ಓಯ್ತೀನಿ, ಓಯ್ತೀಯ, ಓಯ್ತಾನೆ ಅಂತ ಅಜ್ಜಿ."

"ಥೂ, ಬುಡ್ತು ಅನ್ನು! ಒತ್ತಾರೆ ಎದ್ದು ಓಯ್ತೀನಿ ಓಯ್ತೀನಿ ಅಂತಾರಾ?"

ನಮ್ಮಲ್ಲಿ ಹೊಸಿಲು ದಾಟುವವರು ಹೋಗ್ತೀನಿ ಅನ್ನಬಾರದು, ಬತ್ತೀನಿ ಅನ್ನಬೇಕು. ಅಣ್ಣ ಹೊರಟ ದಿನ ಅವಸರದಲ್ಲಿ "ಓಯ್ತೀನಿ" ಅಂದುಬಿಟ್ಟಿದ್ದ. ಕಾಗದ ಬಾರದಿರಲು ಅದೇ ಕಾರಣವೆಂದು ಅಜ್ಜಿ ಗಟ್ಟಿಯಾಗಿ ನಂಬಿದ್ದಳು. ನಾನು ನಕ್ಕು ಪಾಠ ಮುಂದುವರಿಸಿದೆ.

ಸುಗ್ಗಿ ಮುಗಿದು ಅಂಗಳದ ಹಗೇವಿಗೆ ರಾಗಿ ತುಂಬಿಸಿದರು. ನೆಲದೊಳಗೆ ಆಳಕ್ಕೆ ತೋಡಿದ ಕಣಜ ಅದು. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಸುಮ್ಮಸುಮ್ಮನೆ ತೆಗೆಯುವ ಹಾಗಿಲ್ಲ. ಅವತ್ತು ಸಂಜೆ ನೋಡುತ್ತೇನೆ, ನನ್ನ ಪುಸ್ತಕ ಇಲ್ಲ! ಮೈಸೂರಿಗೆ ಹೊರಡಲು ನಾಲ್ಕೇ ದಿನ. ಪೆಟ್ಟಿಗೆ, ಅಟ್ಟ, ಹಾಸಿಗೆ ಎಲ್ಲ ಕೊಡವಿದೆ. ಆಮೇಲೆ ಕಣ್ಣು ಅತ್ತಿಗೆಯ ಮೇಲೆ ಬಿತ್ತು. ನಾನು ಹೋದರೆ ಕೊಟ್ಟಿಗೆ, ಹೊಲ, ಒಲೆ ಎಲ್ಲ ಅವಳ ತಲೆಗೇ ತಾನೆ? ಕಾಗದದ ಚೂರು ಸಿಗುತ್ತದೇನೋ ಎಂದು ಒಲೆಯ ಬೂದಿಯನ್ನೂ ಕೆದಕಿದೆ.

ಮಾರನೆಯ ಬೆಳಗ್ಗೆ ನೆನಪಿನಿಂದಲೇ ಹೇಳಲು ಕೂತರೆ ಮೂರು ಸಾಲಿಗೆ ಬಾಯಿ ಕಟ್ಟಿತು. ಆಗ ಅತ್ತಿಗೆ ಕಲ್ಲು ತಿರುಗಿಸುತ್ತಲೇ, ತಲೆ ಎತ್ತದೆ, ಬೀಸುವ ಪದದ ಧಾಟಿಯಲ್ಲಿ ಹೇಳಿದಳು: "ನೂಜಲೋಂ ಲಾವೆ, ವೂಜಲೇ ಲಾವೆ, ಇಲ್ ವೋಂ ಲಾವೆ." ಅಷ್ಟಕ್ಕೇ ನಿಲ್ಲಿಸಲಿಲ್ಲ, ಇಡೀ ಪುಸ್ತಕ ಹೇಳಿದಳು. ಅಕ್ಷರ ಗೊತ್ತಿಲ್ಲದ ಹೆಂಗಸು!

ಬೇರೆ ಯಾರೇ ಆಗಿದ್ದರೂ ಅವಳನ್ನು ತಬ್ಬಿಕೊಳ್ಳುತ್ತಿದ್ದರು. ನಾನು ಏನಂದೆ ಗೊತ್ತೇ?

"ಕದ್ದೋಳು ನೀನೇ! ಪುಸ್ತಕ ಇಲ್ದೆ ಎಂಗ್ ಬಂತು?"

"ನಂಗ್ ಓದಕ್ ಬಂದದಾ ತಾಯಿ? ದಿನಾ ಕೇಳ್ನಿಲ್ವಾ?"

"ಯಾರ್ ಕೈಲೋ ಓದಿಸ್ಕೊಂಡಿದ್ದೀಯ."

ಎಂಥ ದಡ್ಡ ಮಾತೆಂದು ಆಡುವಾಗಲೇ ಗೊತ್ತಿತ್ತು. ಆದರೂ ಆಡಿದೆ. ಅವಳು ಉಳಿದ ದಿನಗಳಲ್ಲೂ, ನನಗೆ ಮುಖ ಕೊಡದೆ, ಕಲ್ಲಿಗೆ ಹೇಳುವ ಹಾಗೆ ಎಲ್ಲ ಸಾಲೂ ಹೇಳಿದಳು. ನಾನು ಬಿಗುಮಾನ ಬಿಡದೆ ಕೇಳಿ ಕಲಿತೆ. ಹೊರಟ ದಿನ ಅಜ್ಜಿಗೆ, ಅಪ್ಪನಿಗೆ ಬತ್ತೀನಿ ಅಂದೆ. ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಮೈಸೂರಿನಲ್ಲಿ ಒಬ್ಬ ಮುದಿ ಸಿಸ್ಟರು, ಜ್ವರದವರಿಗೆ ಏನು ಮಾಡುತ್ತೀಯ ಎಂದು ಕೇಳಿದರು. ಬಾಯಿ ತೆರೆದರೆ ಬಂದದ್ದು ಅತ್ತಿಗೆಯ ಧಾಟಿಯೇ, ಎಳೆದೆಳೆದು ಹಾಡಿಬಿಟ್ಟೆ. ಆಕೆ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನನ್ನನ್ನು ಸೇರಿಸಿಕೊಂಡರು.

ಮರುವರ್ಷ, ಯುದ್ಧ ಮುಗಿದು ಅಣ್ಣ ಬಂದ. ಊರವರಿಗೆ ಊಟ ಹಾಕಲು ಹಗೇವು ತೆಗೆಸಿದರು. ಮೊದಲ ರಜೆಗೆ ನಾನೂ ಬಂದಿದ್ದೆ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡಿದ ಮೇಲೆ ಆಳು ಇಳಿದ. ಮೇಲಿನ ಹುಲ್ಲಿನ ಜೊತೆಗೇ ಅರಿಶಿನ ಬಟ್ಟೆಯ ಗಂಟೊಂದು ಬಂತು. ಬಿಚ್ಚಿದರೆ ಒಣಗಿದ ಬೇವಿನ ಸೊಪ್ಪು, ನನ್ನ ಪುಸ್ತಕ.

"ನಾನೇ ಮಡಗಿದ್ದೆ ಕಣ್ಮಗಾ," ಅಂದಳು ಅಜ್ಜಿ, ಏನೂ ಆಗದವಳಂತೆ. "ಸರಸ್ವತೀನ ಸುಡಕ್ಕಾದದಾ? ಆ ಓಯ್ತೀನಿ ಓಯ್ತೀನಿ ಅನ್ನೋದ ನೆಲದೊಳಕ್ಕೆ ಮುಚ್ಚಾಕುದ್ರೆ ನನ್ ಮೊಮ್ಮಗ ಬತ್ತಾನೆ ಅಂತ. ಬಂದ್ನಿಲ್ವಾ?"

ಎಮ್ಮೆಯನ್ನೂ ಬಿಡದ ನನಗೆ ಅಜ್ಜಿಯ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತಿಗೆಯ ಹತ್ತಿರ ಹೋಗಿ ತಪ್ಪಾಯ್ತು ಅಂದೆ.

"ಕದ್ದೆ ಅಂದಿದ್ದು ಓಗ್ಲಿ ಬುಡು," ಅಂದಳು. "ಹೊಂಟಾಗ ನಂಗೆ ಬತ್ತೀನಿ ಅನ್ನನಿಲ್ಲ ನೀನು. ನಿಮ್ಮಣ್ಣನೂ ಅನ್ನನಿಲ್ಲ. ಒಂದು ವರ್ಸ ಇಬ್ರಿಗೋಸ್ಕರಾನೂ ಎದ್ರಿಕೊಂಡೇ ರಾಗಿ ಬೀಸಿವ್ನಿ."

ರಜೆ ಮುಗಿದು ಹೊರಟ ಬೆಳಗ್ಗೆ ಮೊದಲು ಅವಳ ಬಳಿಗೇ ಹೋದೆ.

"ಬತ್ತೀನಿ ಅತ್ತಿಗೆ."

ಕಲ್ಲು ನಿಂತಿತು. "ಇನ್ನೊಂದ್ ಸಲ ಅನ್ನು," ಅಂದಳು.

ಅಂದೆ.