ದಾರ ಹಲ್ಲಲ್ಲಿದ್ದಷ್ಟು ಹೊತ್ತು

ಮೊಮ್ಮಗಳ ಮುಖ ಸುಟ್ಟಿದ್ದು ಪಾರ್ಲರಿನವಳ ಬಾಯಿಂದ ಅಲ್ಲ, ನನ್ನ ಬಾಯಿಂದ. ಆರು ವರ್ಷದ ಹಿಂದೆ ನಮ್ಮ ಬೀದಿಯವರು ಬೇರೆ ಥರ ಹೇಳಿಕೊಂಡು ತಿರುಗಿದರು. ಹೇಳಿಕೊಳ್ಳಲಿ ಅಂತ ನಾನೂ ಸುಮ್ಮನಿದ್ದೆ.

ಹೋದ ವಾರ ನಮ್ಮ ಬಿಲ್ಡಿಂಗಿನ ಕೆಳಗಿನ ಮೊಬೈಲ್ ಅಂಗಡಿ ಖಾಲಿಯಾಯಿತು. ಬಣ್ಣ ಹೊಡೆಯಲು ಬಂದವನು ಗೋಡೆಗೆ ಬಡಿದಿದ್ದ ಹಳೇ ಹಲಗೆ ಕಿತ್ತ. ಅದರ ಹಿಂದಿನಿಂದ ಒಂದು ದಾರದ ರೀಲು ಉರುಳಿ ನನ್ನ ಕಾಲ ಹತ್ತಿರ ಬಂತು. “ಅಜ್ಜಿ, ಬೇಕಾ, ಬಿಸಾಕ್ಲಾ?” ಅಂದ. ಬಿಳೀ ದಾರ, ಮೇಲೆಲ್ಲ ಧೂಳು. ಮೂಗಿಗೆ ಹಿಡಿದರೆ ಧೂಳಿನ ಕೆಳಗೆ ಇನ್ನೂ ಪೌಡರಿನ ವಾಸನೆ ಇತ್ತು… ನನ್ನ ಗದ್ದ ತಾನಾಗಿ ಚುರುಗುಟ್ಟಿತು.

ಬ್ಯಾಟರಾಯನಪುರದಲ್ಲಿ ಈ ಬಿಲ್ಡಿಂಗ್ ಏಳುವ ಮುಂಚೆ ಇಲ್ಲಿ ನಮ್ಮ ಹೆಂಚಿನ ಮನೆ ಇತ್ತು. ಅಂಗಡಿ ಇರುವ ಜಾಗದಲ್ಲಿ ದನದ ಕೊಟ್ಟಿಗೆ. ಮಗ ಎಲ್ಲ ಕೆಡವಿ ಮೂರು ಮಹಡಿ ಕಟ್ಟಿಸಿದ. ಕೆಳಗಿನ ಅಂಗಡಿಗೆ ಮೊದಲು ಬಂದವಳು ಆ ಪಾರ್ಲರಿನವಳು. ಗೌರಿಬಿದನೂರಿನ ಕಡೆಯವಳು, ಮೂವತ್ತರ ಆಸುಪಾಸು. ಎರಡು ಕುರ್ಚಿ, ಒಂದು ಕನ್ನಡಿ, ಒಂದು ಪರದೆ, ಪರದೆಯ ಹಿಂದೆ ಒಂದು ಮಂಚ. ಬಾಕಿ ಜಾಗವೆಲ್ಲ ಮಾತು.

ಅಷ್ಟು ಮಾತಾಡುವವರನ್ನು ನಾನು ಹಿಂದೆ ಕಂಡಿಲ್ಲ, ಮುಂದೆ ಕಾಣುವುದೂ ಬೇಡ. “ಅಜ್ಜಿ ಗೊತ್ತಾ, ಮೂರನೇ ಕ್ರಾಸ್ ಮೇಷ್ಟ್ರು ಸೊಸೆ ಬಂದಿದ್ರು, ಮುಂದ್ಗಡೆ ಮಾತ್ರ ಕಟ್ ಮಾಡಿ ಅಂದ್ರು, ನಾನಂದೆ ಮುಖಕ್ಕೆ ಒಪ್ಪಲ್ಲ ಮೇಡಂ ಅಂತ, ಕೇಳಲ್ಲ ಅಂತಾರೆ, ಅಂದ್ಹಂಗೆ ನಿಮ್ಮನೇಲಿ ಇವತ್ತು ಏನ್ ಸಾರು?” ಉತ್ತರ ಹೇಳಲು ಬಾಯಿ ತೆಗೆದರೆ ಅಷ್ಟರಲ್ಲಿ ಅವಳು ನಾಲ್ಕನೇ ಕ್ರಾಸಿಗೆ ಹೋಗಿರುತ್ತಿದ್ದಳು. ಅವಳ ಗಂಡ ಇದ್ದಾನೋ ಇಲ್ಲವೋ ಅನ್ನುವುದು ಮಾತ್ರ ಕೊನೆಗೂ ನನಗೆ ತಿಳಿಯಲಿಲ್ಲ. ಅಷ್ಟು ಮಾತಿನಲ್ಲಿ ಅದೊಂದು ಬರುತ್ತಲೇ ಇರಲಿಲ್ಲ. ಅದನ್ನು ನಾನು ಆಗ ಗಮನಿಸಬೇಕಿತ್ತು.

ಇನ್ನೊಂದು ಕೆಟ್ಟ ಚಾಳಿ, ಎಲ್ಲದಕ್ಕೂ “ಏನೂ ಆಗಲ್ಲ ಬಿಡಿ” ಅನ್ನುವುದು. ಹುಬ್ಬು ಒಂದು ಕಡೆ ಸಣ್ಣ ಆಯಿತು ಅಂದರೆ, ಏನೂ ಆಗಲ್ಲ ಬಿಡಿ, ಬೆಳೆಯತ್ತೆ. ಬಿಸಿ ಮೇಣ ಬಿದ್ದು ಕೈ ಕೆಂಪಾಯಿತು ಅಂದರೆ, ಏನೂ ಆಗಲ್ಲ ಬಿಡಿ, ಸಂಜೆಗೆ ಹೋಗತ್ತೆ. “ಆಗೋದು ನಂಗೆ ಕಣಮ್ಮ, ನಿಂಗಲ್ಲ” ಅಂತ ಒಂದು ಸಲ ಅಂದೆ. ನಕ್ಕುಬಿಟ್ಟಳು. ಬೈದರೆ ನಗುವವರ ಜೊತೆ ಏನು ಮಾಡುವುದು? ಸುಸ್ತಾಗುತ್ತದೆ ಅಷ್ಟೇ.

ಆದರೂ ಮೂರು ವಾರಕ್ಕೊಂದು ಸಲ ಹೋಗುತ್ತಿದ್ದೆ. ಅರವತ್ತು ದಾಟಿದ ಮೇಲೆ ತಲೆಯಲ್ಲಿ ಉದುರಿದ ಕೂದಲು ಗದ್ದಕ್ಕೆ ಬಂದು ಕೂತಿತ್ತು. ನಾಲ್ಕೇ ನಾಲ್ಕು, ಹಂದಿಯ ಕೂದಲಿನ ಹಾಗೆ. ಅದನ್ನು ಅವಳು ದಾರದಲ್ಲಿ ತೆಗೆಯುತ್ತಿದ್ದಳು. ಗದ್ದಕ್ಕೆ ಪೌಡರ್ ಹಚ್ಚಿ, ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಲ್ಲಿ ಹುರಿ ಮಾಡಿ ಸರಕ್ಕನೆ ಎಳೆಯುವುದು. ದಾರ ಹಲ್ಲಲ್ಲಿ ಇದ್ದಷ್ಟು ಹೊತ್ತು ಅವಳು ಮಾತಾಡುವ ಹಾಗಿರಲಿಲ್ಲ. ಇಡೀ ಅಂಗಡಿಗೆ ಅಷ್ಟು ಹೊತ್ತೇ ಶಾಂತಿ. ನಾಲ್ಕು ಕೂದಲು ಮುಗಿದ ಮೇಲೂ “ತುಟಿ ಮೇಲೂ ನೋಡು” ಅನ್ನುತ್ತಿದ್ದೆ. ತುಟಿಯ ಮೇಲೆ ಏನೂ ಇರಲಿಲ್ಲ.

ಮೊಮ್ಮಗಳ ನಿಶ್ಚಿತಾರ್ಥಕ್ಕೆ ಒಂದು ದಿನ ಮುಂಚೆ ಅವಳನ್ನೂ ಕರೆದುಕೊಂಡು ಕೆಳಗಿಳಿದೆ. ಮುಖಕ್ಕೆ ಬ್ಲೀಚ್ ಹಾಕಬೇಕು ಅಂದಳು ಹುಡುಗಿ. “ನಾಳೆ ಶಾಸ್ತ್ರ, ಇವತ್ತು ಹಚ್ಚಬೋದಾ?” ಅಂತ ನಾನು ಕೇಳಿದೆ. “ಏನೂ ಆಗಲ್ಲ ಬಿಡಿ ಅಜ್ಜಿ. ಹತ್ತೇ ನಿಮಿಷ.” ಅದು ಪಾರ್ಲರಿನವಳ ತಪ್ಪು. ಅದನ್ನು ನಾನು ಅಳಿಸಲು ಹೋಗುವುದಿಲ್ಲ. ಆದರೆ ಹತ್ತು ನಿಮಿಷಕ್ಕೆ ತೊಳೆದಿದ್ದರೆ ಅಷ್ಟು ಆಗುತ್ತಿರಲಿಲ್ಲ.

ಪರದೆಯ ಹಿಂದೆ ಹುಡುಗಿ ಮಲಗಿದಳು. ಮುಖದ ತುಂಬ ಬಿಳೀ ಕ್ರೀಮು, ಕಣ್ಣ ಮೇಲೆ ಹತ್ತಿ, ಕಿವಿಯಲ್ಲಿ ಹಾಡು. ಆ ಹತ್ತು ನಿಮಿಷದಲ್ಲಿ ನನ್ನ ಗದ್ದ ಮುಗಿಸೋಣ ಅಂತ ಪಾರ್ಲರಿನವಳು ದಾರ ಕಚ್ಚಿದಳು. ಪರದೆ ಸ್ವಲ್ಪ ಸರಿದಿತ್ತು. ಹುಡುಗಿ ಮಲಗಿದ್ದ ಜಾಗ ಕಾಣುತ್ತಿತ್ತು. ಕೊಟ್ಟಿಗೆ ಇದ್ದಾಗ ಸರಿಯಾಗಿ ಅಲ್ಲೇ ಸೀರೆಯ ಜೋಲಿ ಕಟ್ಟಿ ಮಗನನ್ನು ಮಲಗಿಸುತ್ತಿದ್ದೆ.

ಯಾಕೆ ಶುರು ಮಾಡಿದೆನೋ… ಎದುರಿಗಿದ್ದ ಬಾಯಿ ಕಟ್ಟಿತ್ತು. ಅದಕ್ಕೇ ಇರಬೇಕು.

“ಅಲ್ಲಿ ಮಗೂನ ಮಲಗಿಸ್ಬುಟ್ಟು ಒಂದಿನ ಹೊಂಟೋಗಿದ್ದೆ ಕಣೇ” ಅಂದೆ. ಮಗನಿಗೆ ಹನ್ನೊಂದು ತಿಂಗಳು. ಹದಿನಾಲ್ಕು ಜನರ ಮನೆ, ಆರು ದನ, ನನಗೆ ಹತ್ತೊಂಬತ್ತು ವಯಸ್ಸು. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಸಾಕಾಗಿತ್ತು ಅಷ್ಟೇ. ಜೋಲಿ ತೂಗಿ, ಅವನು ನಿದ್ದೆ ಹೋದ ಮೇಲೆ, ಬೆಳಗಿನ ಮೊದಲ ಬಸ್ಸು ಹತ್ತಿ ದೊಡ್ಡಬಳ್ಳಾಪುರದ ಚಿಕ್ಕಮ್ಮನ ಮನೆಗೆ ಹೋದೆ. ನಾಲ್ಕು ದಿನ ಇದ್ದೆ. ಎದೆಯಲ್ಲಿ ಹಾಲು ಕಟ್ಟಿ, ಕಲ್ಲಾಗಿ, ಜ್ವರ ಬಂತು. ಅದಕ್ಕೆ ವಾಪಸು ಬಂದೆ. ಮಗನ ನೆನಪಾಗಿ ಬಂದೆ ಅಂತ ಸುಳ್ಳು ಹೇಳುವುದಿಲ್ಲ. ಅತ್ತೆ ಬೀದಿಗೆಲ್ಲ “ತವರಲ್ಲಿ ಹುಷಾರಿಲ್ವಂತೆ” ಅಂತ ಹೇಳಿ ಮುಚ್ಚಿಬಿಟ್ಟಿದ್ದರು. ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಸತ್ತರು. ಮಗನಿಗೆ ಗೊತ್ತಿರಲಿಲ್ಲ.

ಅವಳು ದಾರ ಬಿಡದೆ ನಿಂತಿದ್ದಳು. ನನ್ನ ಗದ್ದ ಅಲ್ಲಾಡುತ್ತಿದ್ದರೆ ಅವಳು ಎಳೆಯುವುದಾದರೂ ಹೇಗೆ? ನಡುವೆ ಒಂದು ಸಲ ಗೋಡೆ ಗಡಿಯಾರ ನೋಡಿ ಪರದೆಯ ಕಡೆ ತಿರುಗಿದಳು. ನಾನು ಮಣಿಕಟ್ಟು ಹಿಡಿದೆ. “ಇರೇ, ಕೇಳು” ಅಂದೆ. ನಿಂತಳು. ನಾನು ಮುಗಿಸುವಷ್ಟರಲ್ಲಿ ಗಡಿಯಾರದ ಮುಳ್ಳು ಎಲ್ಲಿಗೋ ಹೋಗಿತ್ತು.

ತೊಳೆದಾಗ ಎರಡೂ ಕೆನ್ನೆ ಬೆಂದ ಬೀಟ್‌ರೂಟು. ಸಂಜೆಗೆ ಸಿಪ್ಪೆ ಏಳತೊಡಗಿತು. “ಉರೀತಿತ್ತು, ಉರಿದ್ರೇ ಬೆಳ್ಳಗಾಗೋದು ಅಂದ್ಕೊಂಡೆ” ಅಂತ ಹುಡುಗಿ ಅತ್ತಳು. ಮಾರನೆಯ ದಿನ ಮುಖಕ್ಕೆ ಬಣ್ಣ ಬಳಿದು ಶಾಸ್ತ್ರ ಮುಗಿಸಿದೆವು. ಗಂಡಿನ ಕಡೆಯ ಒಬ್ಬಳು “ಹುಡುಗೀಗೆ ಚರ್ಮದ ತೊಂದ್ರೆ ಏನಾದ್ರೂ…?” ಅಂತ ಸೊಸೆಯ ಕಿವಿಯಲ್ಲಿ ಕೇಳಿದಳಂತೆ. ಅಷ್ಟು ಸಾಕಾಯಿತು ನನ್ನ ಮಗನಿಗೆ.

ಅದರ ಮರುದಿನ ಪಾರ್ಲರಿನವಳನ್ನು ಮೇಲಕ್ಕೆ ಕರೆಸಿದ. “ಮಾತಾಡ್ತಾ ಮೈಮರೆತು ನನ್ ಮಗಳ ಮುಖ ಸುಟ್ಟಿದೀರ. ನಿಮ್ ಬಾಯಿಗೆ ಬೀಗ ಹಾಕೋಕೆ ಆಗಲ್ಲ ಅಂದ್ರೆ ಅಂಗ್ಡೀಗೆ ಹಾಕಿ. ತಿಂಗ್ಳು ಟೈಮು” ಅಂದ.

ಅವಳು ಬಾಗಿಲಲ್ಲೇ ನಿಂತಿದ್ದಳು. “ಸರ್, ಈಗ ತಾನೇ ನಾಲ್ಕು ಜನ ಬರ್ತಿದಾರೆ. ಇದು ಬಿಟ್ರೆ ನಂಗೆ ಬೇರೆ ಇಲ್ಲ” ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಅಜ್ಜಿ, ನೀವೊಂದು ಮಾತು ಹೇಳಿ.”

ಒಂದೇ ಮಾತು. ನನ್ನಿಂದಾಗಿದ್ದು ಕಣಪ್ಪ, ಅಂದಿದ್ದರೆ ಮುಗಿಯುತ್ತಿತ್ತು. ಅಂದರೆ ಅವನು, ಅಂಥಾದ್ದೇನು ಹೇಳ್ತಿದ್ದೆ ಅಂತ ಕೇಳುತ್ತಿದ್ದ. ಊರಿಗೆಲ್ಲ ಮುಖದ ಮೇಲೆ ಹೇಳುವವಳು ಅಂತ ನನಗೆ ಹೆಸರು. “ನಾನೇನು ಹೇಳಲಿ” ಅಂದೆ ಆವತ್ತು.

ಅವಳು ಹೇಳಬಹುದಿತ್ತು. ಮೂರನೇ ಕ್ರಾಸಿನ ಸೊಸೆಯ ಕಥೆ, ನಾಲ್ಕನೇ ಕ್ರಾಸಿನ ಅತ್ತೆಯ ಕಥೆ, ಎಲ್ಲವನ್ನೂ ಬೀದಿಗೆ ಹಂಚಿದವಳು. ನನ್ನ ಮುಖ ನೋಡಿದಳು, ನನ್ನ ಮಗನ ಮುಖ ನೋಡಿದಳು, ಹಲ್ಲಲ್ಲಿ ದಾರ ಇದ್ದವಳ ಹಾಗೆ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದಳು. ಆ ತಿಂಗಳು ಅಂಗಡಿಯಲ್ಲಿ ಸದ್ದೇ ಇರಲಿಲ್ಲ. ಬಂದು ಹೋಗುವವರೂ ಇರಲಿಲ್ಲ. ಮಾತಾಡ್ತಾ ಮದುವೆ ಹುಡುಗಿ ಮುಖ ಸುಟ್ಟವಳು ಅಂತ ಹಾಲಿನ ಬೂತಿನಲ್ಲಿ ಎದ್ದ ಸುದ್ದಿ ಕೊಡಿಗೇಹಳ್ಳಿ ಮುಟ್ಟಿತ್ತು. ನಾನೂ ಆ ಬೂತಿನಲ್ಲಿ ನಿಂತು ಕೇಳಿಸಿಕೊಂಡೆ. ಹಾಲು ತೆಗೆದುಕೊಂಡು ಮನೆಗೆ ಬಂದೆ.

ಹುಡುಗಿಯ ಕೆನ್ನೆ ಮೂರು ವಾರಕ್ಕೆ ಸರಿಯಾಯಿತು. ಮದುವೆಯಾಯಿತು, ಚೆನ್ನಾಗಿದ್ದಾಳೆ. ಪಾರ್ಲರಿನವಳು ನಾಗಸಂದ್ರದ ಹತ್ತಿರ ಮನೆ ಮಾಡಿದ್ದಾಳೆ, ಗಾರ್ಮೆಂಟ್ಸಿಗೆ ಹೋಗುತ್ತಾಳೆ ಅಂತ ಹೂವು ಮಾರುವವಳು ಒಂದು ಸಲ ಹೇಳಿದಳು. ಅಲ್ಲಿ ಮಿಷನ್ನಿನ ಮುಂದೆ ಮಾತಾಡಿದರೆ ಸೂಪರ್‌ವೈಸರ್ ಬೈಯುತ್ತಾನಂತೆ. ಅದಾಗಿ ನಾಲ್ಕು ವರ್ಷ. ಈಗ ಹೂವಿನವಳೂ ಇಲ್ಲ, ಕೇಳಲು ಇನ್ಯಾರೂ ಇಲ್ಲ. ಅವಳು ಸಿಗುವುದಿಲ್ಲ. ಸಿಕ್ಕಿದರೂ ಅಂಗಡಿ ವಾಪಸು ಬರುವುದಿಲ್ಲ. ನನ್ನ ಗದ್ದದ ಕೂದಲು ಈಗ ಹತ್ತಾಗಿದೆ, ಚಿಮಟದಲ್ಲಿ ನಾನೇ ಕೀಳುತ್ತೇನೆ.

ರೀಲು ಸಿಕ್ಕ ಮಾರನೆಯ ಬೆಳಿಗ್ಗೆ, ಮಗ ವಾಕಿಂಗಿಗೆ ಹೊರಟಿದ್ದವನನ್ನು ಗೇಟಿನ ಹತ್ತಿರ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಬ್ಲೀಚಿನ ವಿಷಯ, ಜೋಲಿಯ ವಿಷಯ. ಅವನಿಗೂ ಐವತ್ತು ದಾಟಿದೆ. ಬಗ್ಗಿ, ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದ.

“ಎಷ್ಟು ದಿನ?” ಅಂದ.

“ನಾಲ್ಕು.”

“ಆಯಮ್ಮಂಗೆ ಇದು ಗೊತ್ತಿತ್ತಾ? ಅವತ್ತು ನನ್ನೆದ್ರಿಗೆ ನಿಂತಾಗ?”

“ಗೊತ್ತಿತ್ತು ಕಣಪ್ಪ.”

ಅವನು ವಾಕಿಂಗಿಗೆ ಹೋಗಲಿಲ್ಲ. ಮೇಲೆ ಹತ್ತಿ ಹೋದ.

ನಾನು ಹಾಲಿನ ಬೂತಿಗೆ ಹೋದೆ. ಐದಾರು ಹೆಂಗಸರಿದ್ದರು. ಅರ್ಧ ಜನ ಹೊಸ ಅಪಾರ್ಟ್‌ಮೆಂಟಿನವರು. “ನಮ್ಮ ಪಾರ್ಲರಿನವಳು ಮುಖ ಸುಟ್ಟಳು ಅಂತ ಹೇಳ್ಕೊಂಡ್ ತಿರುಗ್ತಿದ್ರಲ್ಲ, ಅದು ಅವಳಲ್ಲ, ನಾನು” ಅಂದೆ.

“ಯಾವ ಪಾರ್ಲರ್ ಅಜ್ಜಿ?” ಅಂದಳು ಒಬ್ಬಳು. ಹಳೆಯವಳೊಬ್ಬಳು ಹಣೆ ಸುಕ್ಕು ಮಾಡಿ ಯೋಚಿಸಿದಳು. “ಮೊಬೈಲ್ ಅಂಗ್ಡಿ ಇತ್ತಲ್ವಾ ಅಲ್ಲಿ?” ಅಂದಳು. ಯಾರಿಗೂ ನೆನಪಿರಲಿಲ್ಲ.

“ನೆನಪಿಲ್ದಿದ್ರೂ ಕೇಳಿ” ಅಂದೆ.

“ಮಗೂನ ಸ್ಕೂಲ್‌ಗೆ ಕಳಿಸ್ಬೇಕು ಅಜ್ಜಿ, ಹಾಲು ಬೇರೆ…”

“ಏನೂ ಆಗಲ್ಲ, ನಿಂತ್ಕೊಳ್ಳಿ” ಅಂದೆ. ಪ್ಯಾಕೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಿಂತರು. ಮೊದಲಿಂದ ಶುರು ಮಾಡಿದೆ.