ಕಮಟು ವಾಸನೆಯ ಪೀಪಾಯಿ

ನಮ್ಮ ಮೈಸೂರಿನ ಮನೆಯಲ್ಲಿ 'ಕಮಟು' ಅನ್ನುವುದು ಕೊನೆಯ ತೀರ್ಪು. ಅಮ್ಮ ಡಬ್ಬಿಯಿಂದ ಕೊಬ್ಬರಿ ಬಟ್ಟಲನ್ನು ಎತ್ತಿ, ಮೂಗಿನ ಹತ್ತಿರ ಹಿಡಿದು, ಮುಖ ಸಿಂಡರಿಸಿ 'ಕಮಟು' ಅಂದರೆ ಮುಗಿಯಿತು, ಅದಕ್ಕೆ ಅಪೀಲಿಲ್ಲ. ಹಳೆಯ ಎಣ್ಣೆ, ಹಳೆಯ ಕಡಲೆಕಾಯಿ ಬೀಜ, ಡಬ್ಬಿಯ ತಳದಲ್ಲಿ ಮರೆತುಹೋದ ಚಕ್ಕುಲಿ, ಎಲ್ಲಕ್ಕೂ ಅದೇ ಮಾತು. ಅಮ್ಮನಿಂದ ನನಗೆ ಬಂದದ್ದು ಒಂದು ಜೊತೆ ಬಳೆ ಮತ್ತು ಆ ಮೂಗು. ಬಳೆ ಬ್ಯಾಂಕಿನ ಲಾಕರಿನಲ್ಲಿದೆ. ಮೂಗು ಮಾತ್ರ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯಲ್ಲಿ ದಿನವೂ ಡ್ಯೂಟಿ ಮಾಡುತ್ತದೆ. ಧಾರವಾಡದವರಾದ ನನ್ನ ಗಂಡ ಇದನ್ನು ಪೊಲೀಸ್ ನಾಯಿಯ ಮೂಗು ಎಂದು ಕರೆಯುತ್ತಾರೆ. ಹೊಗಳಿಕೆಯೆಂದೇ ತಿಳಿದುಕೊಂಡಿದ್ದೇನೆ.

ಪಕ್ಕದ ಮನೆಯಲ್ಲಿ ಒಬ್ಬ ಫ್ರೆಂಚ್ ಅಜ್ಜಿ ಇದ್ದರು. ಫ್ರಾನ್ಸಿನ ದಕ್ಷಿಣದ ತುದಿಯಲ್ಲಿ, ಸ್ಪೇನಿನ ಗಡಿಗೆ ಅಂಟಿಕೊಂಡಿರುವ ರೂಸಿಯೋಂ ಎಂಬ ಸೀಮೆಯವರು. ಅಮೆರಿಕದವರೊಬ್ಬರನ್ನು ಮದುವೆಯಾಗಿ ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ. ಅವರ ಇಂಗ್ಲಿಷಿಗೆ ಫ್ರೆಂಚಿನ ಒಗ್ಗರಣೆ, ನನ್ನದಕ್ಕೆ ಮೈಸೂರಿನದು. ನಾನು ಇಂಗು ಹಾಕಿ ಒಗ್ಗರಿಸಿದ ದಿನ ಬೇಲಿಯಾಚೆಯಿಂದ "ಇವತ್ತು ಏನು?" ಎಂದು ಕೂಗುತ್ತಿದ್ದರು. ಬೇರೆ ನೆರೆಯವರು ಆ ವಾಸನೆಗೆ ಕಿಟಕಿ ಮುಚ್ಚಿಕೊಂಡರೆ ಇವರು ತೆರೆಯುತ್ತಿದ್ದರು. ನಮ್ಮ ಹುಳಿ ಬೇಲಿ ದಾಟಿ ಹೋಗುತ್ತಿತ್ತು, ಅದೇ ಬಟ್ಟಲಲ್ಲಿ ಅವರ ಹಿತ್ತಲಿನ ಅಂಜೂರ ವಾಪಸ್ಸು ಬರುತ್ತಿತ್ತು.

ಕೋವಿಡ್ ಕಾಲದಲ್ಲಿ ಅವರಿಗೂ ಆ ಜ್ವರ ಬಂತು. ವಾಸಿಯಾಗಿ ಓಡಾಡತೊಡಗಿದ ಮೇಲೂ ಬೇಲಿಯಾಚೆಯ ಕೂಗು ಮಾತ್ರ ಮತ್ತೆ ಬರಲಿಲ್ಲ. ನನ್ನ ಅಡುಗೆ ಬೇಜಾರಾಯಿತೇನೋ ಅಂದುಕೊಂಡೆ. ನಿಜ ಹೇಳಬೇಕೆಂದರೆ ಸ್ವಲ್ಪ ಮುನಿಸಿಕೊಂಡೆ ಕೂಡ.

ಒಂದು ಮಧ್ಯಾಹ್ನ ಅವರಿಗೆ ಬಂದ ಪಾರ್ಸೆಲ್ ಒಂದನ್ನು ಕೊಡಲು ಹೋದರೆ ಹೊರಬಾಗಿಲಲ್ಲೇ ಹಾಲು ಸೀದ ವಾಸನೆ. ಅಜ್ಜಿ ಅಡುಗೆಮನೆಯಲ್ಲೇ, ಒಲೆಗೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಿದ್ದಾರೆ! ಓಡಿ ಹೋಗಿ ಒಲೆ ಆರಿಸಿದೆ.

"ಬಾಗಿಲಿನಿಂದಲೇ ಗೊತ್ತಾಯಿತಾ ನಿನಗೆ?" ಎಂದರು. ಪಾತ್ರೆಯ ಕಡೆ ತಿರುಗಿಯೂ ನೋಡದೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, "ಬಾ, ನಿನಗೆ ಒಂದು ತೋರಿಸಬೇಕು" ಎಂದು ಗರಾಜಿಗೆ ಕರೆದುಕೊಂಡು ಹೋದರು.

ಅಷ್ಟು ವರ್ಷ ಪಕ್ಕದಲ್ಲಿದ್ದರೂ ನಾನು ಅದನ್ನು ನೋಡಿರಲಿಲ್ಲ. ಹುಲ್ಲು ಕತ್ತರಿಸುವ ಮಿಷಿನ್ನಿನ ಹಿಂದೆ, ಮರದ ಸ್ಟ್ಯಾಂಡಿನ ಮೇಲೆ, ನಮ್ಮ ಬಚ್ಚಲುಮನೆಯ ಹಂಡೆಯಷ್ಟಿದ್ದ ಒಂದು ಕಪ್ಪು ಪೀಪಾಯಿ. ಅಜ್ಜಿ ಅದರ ನಲ್ಲಿ ತಿರುಗಿಸಿ ಲೋಟಕ್ಕೆ ಸ್ವಲ್ಪ ಇಳಿಸಿದರು, ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡಿದರು, ನನ್ನ ಕೈಗೆ ಕೊಟ್ಟರು. "ನೀನು ಕುಡಿಯುವುದಿಲ್ಲ ಅಂತ ಗೊತ್ತು. ಮೂಸಿ ಹೇಳು, ಸಾಕು."

ನಾನು ಕುಡಿಯದಿರುವುದಕ್ಕೆ ದೊಡ್ಡ ಕಾರಣವೇನಿಲ್ಲ. ಯಾರೂ ಬೇಡವೆಂದಿರಲಿಲ್ಲ, ನನಗೇ ಬೇಕೆನಿಸಿರಲಿಲ್ಲ. ಪಾರ್ಟಿಗಳಲ್ಲಿ ಜನ ಬಲವಂತ ಮಾಡಿದಷ್ಟೂ ಅದು ಹಟವಾಯಿತು. ಆದರೆ ಮೂಸುವುದಕ್ಕೇನು? ಮೂಸಿದೆ. ಅಕ್ರೋಟಿನ ಸಿಪ್ಪೆ, ಒಣ ಖರ್ಜೂರ, ತಳ ಹಿಡಿದ ಬೆಲ್ಲದ ಪಾಕ. ಅವೆಲ್ಲದರ ಅಡಿಯಲ್ಲಿ ಆ ಇನ್ನೊಂದು. ಹೇಳುವುದೋ ಬೇಡವೋ ಎಂದು ತಡವರಿಸಿದೆ.

"ಬೇಜಾರು ಮಾಡ್ಕೋಬೇಡಿ. ಇದು ಹಾಳಾಗಿದೆ. ರ‍್ಯಾನ್ಸಿಡ್ ಆಗಿದೆ. ನಮ್ಮಲ್ಲಿ ಇದಕ್ಕೆ ಕಮಟು ಅಂತೀವಿ."

ಅಜ್ಜಿ ಮೆಟ್ಟಿಲ ಮೇಲೆ ಕುಸಿದು ಕೂತರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ನನ್ನ ಮಾತಿಗೆ ಸಿಟ್ಟು ಬರುತ್ತದೆಂದುಕೊಂಡಿದ್ದ ನನಗೆ ಏನೂ ಅರ್ಥವಾಗಲಿಲ್ಲ. "ಅದೇ ಇದರ ಹೆಸರು" ಅಂದರು. "ರಾನ್ಸಿಯೋ. ನಮ್ಮ ಊರಲ್ಲಿ ಇದು ಬರಲಿ ಅಂತ ವರ್ಷಗಟ್ಟಲೆ ಕಾಯುತ್ತಾರೆ. ಏನಂದೆ ನೀನು? ಕಮಾಟು?"

"ಕಮಟು."

ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ನಮ್ಮ ಅಮ್ಮ ತಿಪ್ಪೆಗೆ ಎಸೆಯುತ್ತಿದ್ದ ವಾಸನೆಯನ್ನು ಒಂದು ಸೀಮೆಯ ಜನ ಬೇಕೆಂದೇ ಬರಿಸಿಕೊಳ್ಳುತ್ತಾರೆ ಅಂದರೆ ಏನರ್ಥ? ಪಾರ್ಸಿಪನಿಯ ಆಫೀಸಿಗೆ ಡ್ರೈವ್ ಮಾಡುವಾಗ ರೂಸಿಯೋಂ ವೈನಿನ ಪಾಡ್‌ಕಾಸ್ಟ್ ಕೇಳುವ ಮಡಿ ಹೆಂಗಸು ನ್ಯೂಜೆರ್ಸಿಯಲ್ಲಿ ನಾನೊಬ್ಬಳೇ ಇರಬೇಕು. ಬೇರೆ ಕಡೆ ವೈನಿಗೆ ಗಾಳಿ, ಬಿಸಿಲು ಎರಡೂ ಶತ್ರು. ನೆಲಮಾಳಿಗೆಯ ತಂಪಿನಲ್ಲಿ ಮುಚ್ಚಿಡುತ್ತಾರೆ. ರೂಸಿಯೋಂನಲ್ಲಿ ಕೆಲವರು ಸಿಹಿ ವೈನನ್ನು ದಪ್ಪ ಹೊಟ್ಟೆಯ ಗಾಜಿನ ಬುಂಡೆಗಳಲ್ಲಿ ತುಂಬಿ ಬಯಲಲ್ಲಿ ಸಾಲಾಗಿ ನಿಲ್ಲಿಸುತ್ತಾರಂತೆ. ಬೇಸಗೆಯ ಬಿಸಿಲು, ಚಳಿಗಾಲದ ಕೊರೆತ ಎರಡನ್ನೂ ತಿಂದು ಅದು ಕಂದು ಬಣ್ಣಕ್ಕೆ ತಿರುಗಬೇಕು. ಅದು ಗೊತ್ತಾದಾಗ ನನಗೆ ನೆನಪಾದದ್ದು ಮೈಸೂರಿನ ಮನೆಯ ತಾರಸಿಯ ಮೇಲೆ ಬಿಸಿಲಿಗಿಟ್ಟ ನಿಂಬೆಕಾಯಿ ಉಪ್ಪಿನಕಾಯಿಯ ಗಾಜಿನ ಜಾಡಿಗಳು.

ಅಜ್ಜಿಯ ಮನೆಯದು ಆ ಸಿಹಿ ಜಾತಿಯದಲ್ಲ. ಕರಿಗಲ್ಲಿನ ಇಳಿಜಾರಿನಲ್ಲಿ, ಮೊಣಕಾಲೆತ್ತರದ ಮುದಿ ಬಳ್ಳಿಗಳ ದ್ರಾಕ್ಷಿಯದು. ಅಲ್ಲಿ ಬೀಸುವ ಉತ್ತರದ ಗಾಳಿಗೆ ಬಟ್ಟೆಯಲ್ಲ, ಒಣಹಾಕಿದವರೇ ಹಾರಿಹೋಗುತ್ತಾರೆ ಎನ್ನುತ್ತಿದ್ದರು. ಅವರ ಅಜ್ಜನ ಕಾಲಕ್ಕೂ ಮುಂಚಿನಿಂದ ಮನೆಯ ಮೂಲೆಯಲ್ಲಿ ಒಂದು ಪೀಪಾಯಿ. ಹಬ್ಬಕ್ಕೋ ಬಾಣಂತಿಗೋ ಒಂದಿಷ್ಟು ತೆಗೆಯುವುದು, ಸುಗ್ಗಿಯ ನಂತರ ಅಷ್ಟೇ ಹೊಸ ವೈನ್ ಸೇರಿಸುವುದು. ಎಂದೂ ತುಂಬಿಸುವಂತಿಲ್ಲ, ಎಂದೂ ಖಾಲಿ ಮಾಡುವಂತಿಲ್ಲ.

"ಹೆಪ್ಪು!" ಎಂದು ಕೂಗಿಬಿಟ್ಟೆ. ಮೊಸರಿನ ಬಟ್ಟಲ ತಳದಲ್ಲಿ ನಾಳೆಗೆಂದು ಒಂದು ಚಮಚ ಉಳಿಸುವುದನ್ನು, ಆ ಚಮಚದಲ್ಲಿ ನಿನ್ನೆಯದು, ಮೊನ್ನೆಯದು, ಅದರಾಚೆಯದು ಎಲ್ಲಾ ಇರುವುದನ್ನು ಕೈ ಬಾಯಿ ಆಡಿಸಿ ವಿವರಿಸಿದೆ. ಅಜ್ಜಿಗೆ ತಕ್ಷಣ ಅರ್ಥವಾಯಿತು. ಮದುವೆಯಾಗಿ ಬರುವಾಗ ಅವರು ತಂದದ್ದೂ ಒಂದು ಬಾಟಲಿ ಹೆಪ್ಪನ್ನೇ, ಸ್ವೆಟರಿನಲ್ಲಿ ಸುತ್ತಿ. ಇಲ್ಲಿ ವರ್ಷವರ್ಷವೂ ಅಂಗಡಿಯ ವೈನ್ ಸೇರಿಸುತ್ತಾ ಅದನ್ನೇ ಪೀಪಾಯಿಯಷ್ಟಾಗಿ ಬೆಳೆಸಿದ್ದರು. ಊರಲ್ಲಿ ದಾಯಾದಿಗಳು ಬಳ್ಳಿ ಕಿತ್ತು ತೋಟ ಮಾರಿದರು, ಹಳೆಯ ಪೀಪಾಯಿಯನ್ನು ಅರ್ಧಕ್ಕೆ ಕೊಯ್ದು ಹೂವಿನ ಕುಂಡ ಮಾಡಿದರು. ಈಗ ಆ ಮನೆತನದ ವೈನ್ ಉಳಿದಿದ್ದರೆ ನ್ಯೂಜೆರ್ಸಿಯ ಈ ಗರಾಜಿನಲ್ಲಿ ಮಾತ್ರ. "ಇಷ್ಟು ತಲೆಮಾರು ಬದುಕಿದ್ದು ನನ್ನ ಕೈಯಲ್ಲಿ ಸಾಯಬಾರದು" ಎಂದರು. ಅದನ್ನು ಅವರು ಆಮೇಲೂ ಎಷ್ಟೋ ಸಲ ಹೇಳಿದ್ದಾರೆ.

ಅಲ್ಲಿಂದ ಮುಂದೆ ಪ್ರತಿ ಶನಿವಾರವೂ ನನಗೆ ಪರೀಕ್ಷೆ. ಲೋಟ ಕೈಗೆ ಕೊಟ್ಟು, "ಏನು ಬರುತ್ತಿದೆ? ಮತ್ತೆ? ಮತ್ತೇನು?" ಎಂದು ಪಟ್ಟು ಹಿಡಿಯುತ್ತಿದ್ದರು. ಅಕ್ರೋಟು ಅಂದರೆ ಹಸಿಯದೋ ಒಣದೋ; ಖರ್ಜೂರ ಅಂದರೆ ಮೆತ್ತಗಿನದೋ ಗಟ್ಟಿಯೋ. ಪರೀಕ್ಷೆ ಅಂದರೆ ನನಗೆ ಸ್ಕೂಲಿನಿಂದಲೂ ಮೈ ಉರಿ. ತಾವು ಉತ್ತರ ಬಚ್ಚಿಟ್ಟುಕೊಂಡು ನನ್ನ ಬಾಯಿ ಬಿಡಿಸುತ್ತಾರೆಂದು ಸಿಡುಕಿದ್ದೂ ಉಂಟು. ಆದರೂ ಹೋಗುತ್ತಿದ್ದೆ. ಕುತೂಹಲ ನನ್ನ ಸಿಟ್ಟಿಗಿಂತ ಒಂದು ಕೈ ಮೇಲು.

ಮೆಟ್ಟಿಲು ಹತ್ತುವುದು ಆಗದೆ ಹೋದಾಗ ಅಜ್ಜಿ ಮನೆ ಮಾರಿ, ಸೇತುವೆಗಳಾಚೆ ಫ್ಲೋರಲ್ ಪಾರ್ಕಿನಲ್ಲಿದ್ದ ಮಗಳ ಹತ್ತಿರ ಹೊರಟರು. ಮಗಳದು ಅಪಾರ್ಟ್‌ಮೆಂಟು, ಗರಾಜಿಲ್ಲ. ಆಸೆಯಾದರೆ ಅಂಗಡಿಯಿಂದ ಒಂದು ಬಾಟಲಿ ತಂದರಾಯಿತು ಅಂದಳಂತೆ. ಅಜ್ಜಿ ನನ್ನ ಕೈ ಹಿಡಿದು, "ನೀನು ಇಟ್ಟುಕೋ" ಎಂದರು. "ಈ ಬೀದಿಯಲ್ಲಿ ಇದನ್ನು ಕುಡಿದು ಮುಗಿಸದ ಮನೆ ನಿನ್ನದೊಂದೇ."

ಮನೆಯಲ್ಲಿ ಹೇಳಿದಾಗ ನನ್ನ ಗಂಡ ಟೀವಿ ಆರಿಸಿದರು. ಅಂದರೆ ವಿಷಯ ಗಂಭೀರ.

"ಏನಿದು? ಗರಾಜಿನ್ಯಾಗ ಶೆರೆ ಅಂಗಡಿ ತಗೀತೀಯೇನು?"

"ಕೆಮ್ಮು ಬಂದಾಗ ದ್ರಾಕ್ಷಾರಿಷ್ಟ ಎರಡು ಮುಚ್ಚಳ ಇಳಿಸ್ತೀರಲ್ಲ, ಅದೇನು ತೀರ್ಥಾನಾ?"

"ಅದು ಔಷಧಿ ಮಾರಾಯ್ತಿ. ಇದು ಪೀಪಾಯಿ! ಯುಗಾದಿಗೆ ಮಂದಿ ಬಂದ್ರ ಏನಂತ ಹೇಳೂದು?"

"ಹೆಪ್ಪು ಇಟ್ಕೊಂಡಿದೀವಿ ಅಂತ ಹೇಳಿ."

ಪೀಪಾಯಿ ಬಂತು. ಸ್ನೋ ಬ್ಲೋವರಿನ ಪಕ್ಕ ಅದಕ್ಕೆ ಜಾಗ ಮಾಡಿದವರು ಕೊನೆಗೆ ಅವರೇ. ಅಲುಗಾಡದಂತೆ ಮರದ ತುಂಡೊಂದನ್ನು ಅಳತೆಗೆ ಕೊಯ್ದು ಕೆಳಗೆ ಕೊಟ್ಟರು. ಶನಿವಾರಗಳಂದು ನಾನು ಮೂಸಿ ಫೋನು ಮಾಡುತ್ತಿದ್ದೆ, ಅಜ್ಜಿ ಅಲ್ಲಿಂದಲೇ ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು.

ಕಳೆದ ಬೇಸಗೆ ಬಿಸಿಲು ವಿಪರೀತವಾಗಿತ್ತು. ಒಂದು ಸಂಜೆ ಆಫೀಸಿನಿಂದ ಬಂದು ಗರಾಜಿನ ಬಾಗಿಲು ಎತ್ತಿದರೆ ಮೂಗಿಗೆ ಹೊಡೆದದ್ದು ವಿನೆಗರ್. ನನ್ನ ಜೀವವೇ ಹಾರಿಹೋಯಿತು. ಪೀಪಾಯಿಯ ಬಿರಡೆ ತೆಗೆದು ಮೂಸಿದೆ: ಘಾಟು, ಘಾಟು. ಅದರಾಚೆ ಏನಾದರೂ ಇದೆಯೋ ಇಲ್ಲವೋ ತಿಳಿಯಲಿಲ್ಲ. ಒಮ್ಮೆ ಇದೆ ಅನ್ನಿಸಿತು, ಇನ್ನೊಮ್ಮೆ ನಾನೇ ಕಲ್ಪಿಸಿಕೊಳ್ಳುತ್ತಿದ್ದೇನೆ ಅನ್ನಿಸಿತು. ಅಮ್ಮನ ಮೂಗನ್ನು ಅಷ್ಟು ನಂಬಿದವಳು ಆವತ್ತು ಅದನ್ನು ನಂಬಲಾರದೆ ಹೋದೆ. ಆ ಅಜ್ಜ, ಮುತ್ತಜ್ಜ, ಅವರೆಲ್ಲರ ಸುಗ್ಗಿಗಳು ನನ್ನ ಗರಾಜಿನಲ್ಲಿ, ನನ್ನ ಉಸ್ತುವಾರಿಯಲ್ಲಿ ಸತ್ತವೆಂದು ಅಳು ಬಂತು. ಗಂಡ ಏನೂ ತಮಾಷೆ ಮಾಡಲಿಲ್ಲ. "ಅಜ್ಜಿಗೇ ತೋರಿಸ್ಕೊಂಡು ಬಾ. ಅವರಿಗಿಂತ ಹೆಚ್ಚು ಯಾರಿಗೆ ಗೊತ್ತು?" ಅಂದರು.

ಸಣ್ಣ ಬಾಟಲಿಗೆ ಸ್ವಲ್ಪ ತುಂಬಿಕೊಂಡು ಶನಿವಾರ ಫ್ಲೋರಲ್ ಪಾರ್ಕಿಗೆ ಹೋದೆ. ಬಾಟಲಿಯನ್ನು ಪಕ್ಕದ ಸೀಟಿನಲ್ಲಿಟ್ಟು ಸೀಟ್‌ಬೆಲ್ಟಿನಿಂದ ಕಟ್ಟಿದ್ದೆ. ಸೇತುವೆಗಳ ಟ್ರಾಫಿಕ್ಕಿನಲ್ಲಿ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಂಡೆ. ಅಜ್ಜಿ ಕಿಟಕಿಯ ಪಕ್ಕ ಕೂತಿದ್ದರು, ಮೊದಲಿಗಿಂತ ಕುಗ್ಗಿದ್ದರು. ಮಗಳು ಹಿಲ್‌ಸೈಡ್ ಅವೆನ್ಯೂ ಕಡೆ ಅಂಗಡಿಗೆ ಹೋಗಿದ್ದಳು. ಜೋಡಿಸಿದ ಮಾತೆಲ್ಲ ಮರೆತುಹೋಯಿತು.

"ವಿನೆಗರ್ ವಾಸನೆ ಬರ್ತಿದೆ. ಹಾಳಾಯ್ತೇನೋ ಅಂತ ಭಯ ನನಗೆ. ನೀವೇ ನೋಡಿ ಹೇಳಿ" ಎಂದು ಲೋಟಕ್ಕೆ ಸುರಿದು ಕೊಟ್ಟೆ.

ಅವರು ಎಂದಿನಂತೆ ಬೆಳಕಿಗೆ ಹಿಡಿದರು. ಬಣ್ಣ ನೋಡಿದರು. ಲೋಟವನ್ನು ನನಗೇ ವಾಪಸ್ಸು ಚಾಚಿದರು. "ನೀನು ಮೂಸು."

ನನಗೆ ರೇಗಿತು. "ಇವತ್ತು ಪರೀಕ್ಷೆ ಬೇಡ. ಇವತ್ತು ನೀವು ಹೇಳಿ."

ಅಜ್ಜಿ ಚಾಚಿದ ಕೈ ಹಿಂದಕ್ಕೆಳೆದು ಲೋಟವನ್ನು ಮಡಿಲಲ್ಲಿಟ್ಟುಕೊಂಡರು. "ನನಗೆ ಬರುವುದಿಲ್ಲ" ಅಂದರು. "ಆ ಜ್ವರ ಬಂದಾಗಿನಿಂದ ಮೂಗಿಗೆ ಏನೂ ಬರುವುದಿಲ್ಲ. ಹಾಲು ಸೀದದ್ದೂ ಇಲ್ಲ, ನಿನ್ನ ಒಗ್ಗರಣೆಯೂ ಇಲ್ಲ. ಪೀಪಾಯಿ ಬದುಕಿದೆಯೋ ಸತ್ತಿದೆಯೋ ತಿಳಿಯದೆ ಹುಚ್ಚು ಹಿಡಿದಂತಾಗಿತ್ತು. ಮಗಳಿಗೆ ಹೇಳಿದ್ದರೆ ಮರುದಿನವೇ ಎಸೆಯುತ್ತಿದ್ದಳು. ಆಗ ನೀನು ಬಾಗಿಲಿನಿಂದ ಓಡಿ ಬಂದು ಒಲೆ ಆರಿಸಿದೆ."

ಹಾಗಾದರೆ ಅಷ್ಟೂ ಶನಿವಾರ ಅವರು ಕೇಳಿದ್ದು ಪ್ರಶ್ನೆಯಲ್ಲ, ಸುದ್ದಿ. ಹಸಿಯದೋ ಒಣದೋ, ಮೆತ್ತಗಿನದೋ ಗಟ್ಟಿಯೋ ಎಂದು ಪೀಡಿಸುತ್ತಿದ್ದದ್ದು ತಮ್ಮ ಮನೆಯ ಒಂದೊಂದೇ ವಾಸನೆಯನ್ನು ನನ್ನ ಬಾಯಿಂದ ವಾಪಸ್ಸು ಪಡೆಯುವುದಕ್ಕೆ. ಅದನ್ನು ನಾನು ಸಿಡುಕುತ್ತಾ ಕೊಟ್ಟಿದ್ದೆ.

ಲೋಟ ತೆಗೆದುಕೊಂಡು ಮೂಸಿದೆ. ಘಾಟು. ಇನ್ನೊಮ್ಮೆ. ಅದೇ ಅನುಮಾನ. "ಮೂಗಿಗೆ ಸಂಶಯ ಬಂದಾಗ ನಮ್ಮಪ್ಪ ನಾಲಿಗೆಯನ್ನು ಕೇಳುತ್ತಿದ್ದರು" ಎಂದರು ಅಜ್ಜಿ. ಕೂಡಲೇ, "ನಿನ್ನನ್ನು ಕೇಳುವುದಿಲ್ಲ, ಅದು ತಪ್ಪು" ಎಂದು ಸೇರಿಸಿದರು.

ಅವರು ಕೇಳದೆ ಇದ್ದದ್ದರಿಂದಲೇ ಇರಬೇಕು, ಕುಡಿದೆ. ಅರಿಷ್ಟದ ಲೆಕ್ಕದಲ್ಲಿ, ಒಂದು ಮುಚ್ಚಳದಷ್ಟು. ನಾಲಿಗೆ ಜುಮ್ಮೆಂದಿತು, ಗಂಟಲು ಉರಿಯಿತು, ತಡೆಯಲಾರದೆ ಮುಖ ಸಿಂಡರಿಸಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಮುಖ ಬಿಳಿಚಿಕೊಂಡಿತು. ಮಾತಾಡಬೇಕೆಂದರೆ ನನಗೆ ಉಸಿರಿಲ್ಲ. ಹುಳಿ ಇಳಿಯುವವರೆಗೆ ಕಾದೆ. ಅದು ಇಳಿದ ಮೇಲೆ, ಇನ್ನೇನೂ ಇಲ್ಲ ಅನ್ನುವಷ್ಟರಲ್ಲಿ, ಬಾಯಿಯ ಹಿಂಭಾಗದಿಂದ ನಿಧಾನವಾಗಿ ಅಕ್ರೋಟಿನ ಸಿಪ್ಪೆ ಬಂತು, ಬೆಲ್ಲದ ಪಾಕ ಬಂತು, ಅದರ ಹಿಂದೆಯೇ ಡಬ್ಬಿಯ ತಳದ ಕೊಬ್ಬರಿ ಬಟ್ಟಲು ಬಂತು. ಹೋಗಲೇ ಇಲ್ಲ, ಅಲ್ಲೇ ನಿಂತಿತು.

"ಕಮಟು" ಎಂದೆ.

ಅಜ್ಜಿ ಲೋಟ ಕಸಿದುಕೊಂಡು ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದರು. ಅವರಿಗೆ ಅದರಲ್ಲಿ ಹುಳಿ, ಕಹಿ, ಉರಿ ಬಿಟ್ಟು ಬೇರೇನೂ ಸಿಕ್ಕಿರಲಾರದು. ಆದರೂ ಕಣ್ಣು ಮುಚ್ಚಿಕೊಂಡರು.

"ಇನ್ನೊಂದು ಸಲ ಹೇಳು" ಎಂದರು.

ಹೇಳಿದೆ.